ಮಲಯಾಳದ ನೋಟೀಸು, ಕನ್ನಡದ ಓದುಗ: ಮೂರು ಅನುವಾದ ಯಂತ್ರಗಳ ಹೋಲಿಕೆ

ಕಾಸರಗೋಡು ಜಿಲ್ಲೆಯ ಕನ್ನಡಿಗರಲ್ಲಿ ಹಲವರಿಗೆ ಅನುವಾದದ ಅಗತ್ಯ ಬೀಳುವುದು ಗ್ರಾಮ ಕಚೇರಿಯ ನೋಟೀಸು ಕೈಗೆ ಬಂದಾಗ. ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು ಎಂದು 1969ರಲ್ಲೇ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳಿತು. ಕಾಯ್ದೆ ಹಾಗೆಂದರೂ ಅಂಚೆಯಣ್ಣ ತರುವ ಕಾಗದ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತದೆ. 2022ರಲ್ಲಿ ಜಾಗಗಳನ್ನು ಹೊಸದಾಗಿ ಅಳೆಯುವ ಡಿಜಿಟಲ್ ಮರುಸರ್ವೆ ಆರಂಭವಾದ ಮೇಲಂತೂ ಜಾಗದ ಕಾಗದಗಳು ಹೆಚ್ಚಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಅವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು ನಮ್ಮೂರಿನ ವಾಚನಾಲಯಕ್ಕೆ ಬರುತ್ತಾರೆ. ನಿವೃತ್ತ ಮೇಷ್ಟ್ರಾದ ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದುವಾಗ ತಡವರಿಸುತ್ತೇನೆ. ಕಚೇರಿಯ ಮಲಯಾಳವೋ, ಮಲಯಾಳಿಗಳನ್ನೇ ತಬ್ಬಿಬ್ಬು ಮಾಡುವಂಥದ್ದು. ಆದ್ದರಿಂದ ಮೂರು ಬಗೆಯ ಯಂತ್ರಗಳನ್ನು ಒಂದೇ ರೀತಿಯ ಕಾಗದಗಳ ಮೇಲೆ ಪ್ರಯೋಗಿಸಿ ನೋಡಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ, ದೊಡ್ಡ ಕಂಪನಿಯೊಂದರ ಚಾಟ್‌ಬಾಟ್. ಮೊಬೈಲಿನಲ್ಲಿ ಫೋಟೋ ತೆಗೆದು ‘ಇದನ್ನು ಕನ್ನಡದಲ್ಲಿ ಹೇಳು’ ಎಂದರಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಅದರ ಓದು ನಿಜಕ್ಕೂ ಚೆನ್ನಾಗಿದೆ. ಮಡಿಕೆ ಬಿದ್ದ ಕಾಗದ, ಮಸುಕಾದ ಮೊಹರು, ಅಡ್ಡಾದಿಡ್ಡಿಯಾಗಿ ತೆಗೆದ ಫೋಟೋ ಇವುಗಳಲ್ಲಿ ಉಳಿದೆರಡೂ ಅದಕ್ಕೆ ಸಾಟಿಯಲ್ಲ. ಕನ್ನಡವೂ ನಯವಾಗಿರುತ್ತದೆ.

ನನ್ನ ತಕರಾರು ಆ ನಯದ ಮೇಲೆಯೇ. ಆಕ್ಷೇಪ ಸಲ್ಲಿಸಲು ಗಡುವು ಕೊಟ್ಟಿದ್ದ ನೋಟೀಸೊಂದರ ಮೂಲದಲ್ಲಿ ‘ನೋಟೀಸು ಕೈಸೇರಿದ ದಿನದಿಂದ’ ಎಂಬ ಅರ್ಥದ ಮಾತಿತ್ತು. ಚಾಟ್‌ಬಾಟ್ ಕೊಟ್ಟದ್ದು ‘ನೋಟೀಸಿನ ದಿನಾಂಕದಿಂದ’. ಅಂಚೆ ನಿಧಾನವಾಗಿ ತಲಪುವ ನಮ್ಮ ಗುಡ್ಡೆಯ ಮನೆಗಳಿಗೆ ಇವೆರಡರ ನಡುವೆ ಒಂದು ವಾರದ ವ್ಯತ್ಯಾಸವಾದರೂ ಆಗಬಹುದು. ವಾಕ್ಯ ಎಷ್ಟು ಸೊಗಸಾಗಿತ್ತೆಂದರೆ ಸಂಶಯಪಡಲು ಎಲ್ಲಿಯೂ ಕೊಕ್ಕೆ ಸಿಗುತ್ತಿರಲಿಲ್ಲ. ಇನ್ನೊಮ್ಮೆ ‘ಹೆಚ್ಚಿನ ಮಾಹಿತಿಗೆ ಕಚೇರಿಯನ್ನು ಸಂಪರ್ಕಿಸಿ’ ಎಂಬ ಸಾಲೊಂದನ್ನು ತಾನಾಗಿ ಸೇರಿಸಿಬಿಟ್ಟಿತು. ಉಪಕಾರದ ಮಾತೇ ಇರಬಹುದು, ಆದರೆ ತಹಶೀಲ್ದಾರರು ಬರೆಯದ್ದನ್ನು ಅವರ ಹೆಸರಿನಲ್ಲಿ ಬರೆಯಲು ಇದು ಯಾರು? ಅದೇ ಪುಟವನ್ನು ಮರುದಿನ ಕೊಟ್ಟರೆ ಮತ್ತೊಂದು ಬಗೆಯ ಅನುವಾದ ಬರುತ್ತದೆ. ನಿನ್ನೆಯದು ಸರಿಯೋ ಇಂದಿನದು ಸರಿಯೋ ಎಂದು ಕೇಳಿದರೆ ಎರಡಕ್ಕೂ ಕ್ಷಮೆ ಕೇಳುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಎತ್ತಿದವರು ಅಡಿಕೆ ತೋಟದ ಹಿರಿಯರೊಬ್ಬರು. ಅವರ ಜಾಗದ ಪಟ್ಟೆಯ, ಅಂದರೆ ಹಕ್ಕುಪತ್ರದ, ಫೋಟೋ ತೆಗೆಯಲು ಹೊರಟಾಗ ಕೈ ಅಡ್ಡ ಹಿಡಿದು, “ಮಾಷ್ಟ್ರೇ, ಇದು ಎಲ್ಲಿಗೆ ಹೋಗುತ್ತದೆ?” ಎಂದರು. ನ್ಯಾಯವಾದ ಪ್ರಶ್ನೆ. ಆ ಕಾಗದದಲ್ಲಿ ಹೆಸರು, ಮನೆಹೆಸರು, ಸರ್ವೆ ನಂಬರು, ಫೋನ್ ನಂಬರು ಎಲ್ಲವೂ ಇರುತ್ತವೆ. ಹಲವು ಉಚಿತ ಸೇವೆಗಳಲ್ಲಿ ನಾವು ಕೊಟ್ಟದ್ದನ್ನು ಮುಂದಿನ ಮಾದರಿಗಳ (ಇಂಥ ಯಂತ್ರಗಳ ಮಿದುಳಿನಂಥ ತಂತ್ರಾಂಶಗಳ) ತರಬೇತಿಗೆ ಬಳಸಿಕೊಳ್ಳಲು ಅನುಮತಿ ಮೊದಲೇ ತೆರೆದಿಟ್ಟಿರುತ್ತದೆ; ಬೇಡವಾದರೆ ಸೆಟ್ಟಿಂಗ್‌ಗಳ ಒಳಹೊಕ್ಕು ನಾವೇ ಮುಚ್ಚಬೇಕು. ಉಚಿತ ಎಂಬುದರ ಆಯುಷ್ಯವೂ ಕಂಪನಿಯ ಮರ್ಜಿಯಲ್ಲಿರುತ್ತದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತುಹೋದದ್ದು ಹಲವರಿಗೆ ನೆನಪಿರಬಹುದು.

ಎರಡನೆಯ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಇನ್ನೊಂದು ದೊಡ್ಡ ಕಂಪನಿ ‘ಮುಕ್ತ’, ಅಂದರೆ ಯಾರೂ ಇಳಿಸಿಕೊಂಡು ಬಳಸಬಹುದು, ಎಂದು ಬಿಡುಗಡೆ ಮಾಡಿದ ಸಣ್ಣ ಭಾಷಾ ಮಾದರಿಯನ್ನು ಲಾಮಾ.ಸಿಪಿಪಿ ಎಂಬ ತಂತ್ರಾಂಶದ ಮೂಲಕ ಲ್ಯಾಪ್‌ಟಾಪಿನಲ್ಲೇ ಓಡಿಸಿದೆ. ಕಾಗದ ಮನೆಯಿಂದ ಹೊರಗೆ ಹೋಗುವುದಿಲ್ಲ, ಅದು ಸಮಾಧಾನ. ಕನ್ನಡ ಮಾತ್ರ ಕುಂಟುತ್ತಿತ್ತು. ಅರ್ಧ ಪುಟ ದಾಟುವಷ್ಟರಲ್ಲಿ ಹೇಳಿದ್ದನ್ನೇ ಹೇಳತೊಡಗುತ್ತಿತ್ತು. ಈ ‘ಮುಕ್ತ’ ಎಂಬ ಹಣೆಪಟ್ಟಿಯನ್ನೂ ಸ್ವಲ್ಪ ಕೆರೆದು ನೋಡಬೇಕು. ನಾನು ಬಳಸಿದ್ದು ಬೇರೆಯದು, ಆದರೆ ಎಲ್ಲರೂ ಬಲ್ಲ ಉದಾಹರಣೆಯೆಂದರೆ ಮೆಟಾದ ಲಾಮಾ ಮಾದರಿಗಳು: ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಸಂಸ್ಥೆಗಳು ಪ್ರತ್ಯೇಕ ಅನುಮತಿ ಪಡೆಯಬೇಕೆಂಬ ಷರತ್ತು ಅವುಗಳ ಪರವಾನಗಿಯಲ್ಲಿದೆ, ತರಬೇತಿಗೆ ಬಳಸಿದ ಪಠ್ಯವನ್ನೂ ಬಿಟ್ಟುಕೊಟ್ಟಿಲ್ಲ. ಮುಕ್ತ ತಂತ್ರಾಂಶ ಯಾವುದೆಂಬ ವ್ಯಾಖ್ಯೆಯನ್ನು ಕಾಯುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಮುಕ್ತ ಎಐ ಎಂದರೇನು ಎಂಬ ವ್ಯಾಖ್ಯೆಯನ್ನು ಹೊರಡಿಸಬೇಕಾಗಿ ಬಂದದ್ದು ಇಂಥ ಗೊಂದಲದಿಂದಲೇ.

ನನ್ನ ಮನಸ್ಸು ನಿಂತದ್ದು ಮೂರನೆಯದರಲ್ಲಿ. ಇದು ಒಂದೇ ಯಂತ್ರವಲ್ಲ, ಜೋಡಿ. ಕಾಗದವನ್ನು ಓದಲು ಟೆಸೆರಾಕ್ಟ್, ಅನುವಾದಕ್ಕೆ ಇಂಡಿಕ್‌ಟ್ರಾನ್ಸ್2. ಟೆಸೆರಾಕ್ಟನ್ನು 1980ರ ದಶಕದಲ್ಲಿ ಕಟ್ಟಲು ಆರಂಭಿಸಿದ್ದು ಎಚ್‌ಪಿ ಕಂಪನಿ. 2005ರಲ್ಲಿ ಅದನ್ನು ಮುಕ್ತಗೊಳಿಸಲಾಯಿತು, ಆಮೇಲೆ ಹಲವು ವರ್ಷ ಗೂಗಲ್ ಪೋಷಿಸಿತು. ದೊಡ್ಡ ಕಂಪನಿಗಳನ್ನು ಬೈಯುವಾಗ ಇದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಂಡಿಕ್‌ಟ್ರಾನ್ಸ್2 ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ್ದು, 2023ರದ್ದು. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳೂ ಅದರಲ್ಲಿವೆ. (ತುಳುವಿಲ್ಲ, ಏಕೆಂದರೆ ಪರಿಚ್ಛೇದದಲ್ಲೇ ಇಲ್ಲ. ತುಳು ಮಾತನಾಡುವ ಮಂಜೇಶ್ವರದವರು ಈ ವಾಕ್ಯವನ್ನು ಓದಿ ನಿಟ್ಟುಸಿರು ಬಿಡಲಿ.) ಮಾದರಿಯ ಜೊತೆಗೆ ಅದು ಕಲಿತ ಸುಮಾರು 23 ಕೋಟಿ ವಾಕ್ಯಜೋಡಿಗಳ ಸಂಗ್ರಹವನ್ನೂ ಅವರು ಹೊರಗಿಟ್ಟಿದ್ದಾರೆ. ಒಳಗಿನ ಕ್ರಮ ತಮಾಷೆಯದು: ಮಲಯಾಳವೇ ಇರಲಿ ಕನ್ನಡವೇ ಇರಲಿ, ಅಕ್ಷರಗಳು ಮೊದಲು ದೇವನಾಗರಿಗೆ ತಿರುಗಿ, ಕೆಲಸ ಮುಗಿದ ಮೇಲೆ ತಮ್ಮ ಲಿಪಿಗೆ ಮರಳುತ್ತವೆ.

ಇದಕ್ಕೆ ಬಳಸಿದ್ದು ವಾಚನಾಲಯಕ್ಕೆ ಒಬ್ಬರು ದಾನ ಕೊಟ್ಟ ಹಳೆಯ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಕೇಳುವ ಯಂತ್ರಾಂಶ ಅದರಲ್ಲಿಲ್ಲ. ಗುಜರಿಗೆ ಹೋಗಬೇಕಿದ್ದ ಆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದೆವು. ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುವುದರಿಂದ ಇಲ್ಲಿನ ಮಕ್ಕಳಿಗೆ ಲಿನಕ್ಸ್ ಎಂದರೆ ಅಂಜಿಕೆಯಿಲ್ಲ. ನಾನು ಆಜ್ಞೆಗಳನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಾಗ ಹೈಸ್ಕೂಲಿನ ಹುಡುಗಿಯೊಬ್ಬಳು “ಸರ್, ನಾನು ಮಾಡುತ್ತೇನೆ” ಎಂದು ಕೀಲಿಮಣೆಯನ್ನು ತನ್ನೆಡೆಗೆ ಎಳೆದುಕೊಂಡಳು.

ವೇಗ ಕಡಿಮೆ, ಪುಟವೊಂದನ್ನು ಕೊಟ್ಟು ಎದ್ದು ಹೋಗಿ ಪತ್ರಿಕೆಯ ತಲೆಬರಹಗಳನ್ನು ಓದಿ ಬರಬಹುದು. ಸ್ಕ್ಯಾನ್ ನೇರವಾಗಿರಬೇಕು, ಇಲ್ಲವಾದರೆ ಟೆಸೆರಾಕ್ಟ್ ಸರ್ವೆ ನಂಬರಿನ ಓರೆಗೆರೆಯನ್ನು ಒಂದು ಎಂದು ಓದಿಬಿಡುವ ಅಪಾಯವಿದೆ. ಅಂಕಿಗಳನ್ನು ಮೂಲದೊಡನೆ ಕಣ್ಣಾರೆ ತಾಳೆ ನೋಡುವುದು ಕಡ್ಡಾಯ. ಅನುವಾದ ವಾಕ್ಯಕ್ಕೆ ವಾಕ್ಯದಂತೆ ನಡೆಯುವುದರಿಂದ ಹಿಂದಿನ ಸಾಲಿನ ‘ಅವರು’ ಯಾರೆಂಬುದು ಮುಂದಿನ ಸಾಲಿಗೆ ತಿಳಿದಿರುವುದಿಲ್ಲ. ಕನ್ನಡ ಒರಟು. ಆದರೆ ಮೂಲದಲ್ಲಿ ಏಳು ವಾಕ್ಯಗಳಿದ್ದರೆ ಇಲ್ಲಿಯೂ ಏಳೇ, ಬೆರಳಿಟ್ಟು ಹೋಲಿಸಬಹುದು. ಅದು ಎಡವಿದಾಗ ವಾಕ್ಯವೇ ಸೊಟ್ಟಗಾಗಿ ‘ಇಲ್ಲಿ ನೋಡು’ ಎಂದು ಕರೆಯುತ್ತದೆ. ಸರಕಾರಿ ಕಾಗದಕ್ಕೆ ನನಗೆ ಬೇಕಾದದ್ದು ಈ ಗುಣ. ಇಂದು ಕೊಟ್ಟ ಪುಟಕ್ಕೆ ಇಂದಿನ ಉತ್ತರವೇ ಮುಂದಿನ ವರ್ಷವೂ ಬರುತ್ತದೆ, ನಾವಾಗಿ ಬದಲಾಯಿಸುವ ತನಕ.

ಕಂದಾಯದ ಪರಿಭಾಷೆ ಬಂದಾಗ ಮೂರೂ ತಡವರಿಸಿದವು. ‘ಪೋಕ್ಕುವರವ್’ ಎಂದರೆ ಜಾಗದ ಖಾತೆ ಬದಲಾವಣೆ. ಬಿಡಿಸಿ ಓದಿದರೆ ಹೋಗುವುದು ಬರುವುದು ಎಂದಾಗುತ್ತದೆ, ಯಂತ್ರಕ್ಕೆ ಅದು ವಾಹನ ಸಂಚಾರವೆಂದು ಕಂಡರೆ ಆಶ್ಚರ್ಯವಿಲ್ಲ. ಕ್ರಯಪತ್ರಕ್ಕೆ ‘ಆಧಾರಂ’ ಎನ್ನುತ್ತಾರೆ. ಅದು ಆಧಾರ್ ಕಾರ್ಡ್ ಆಗಿಬಿಟ್ಟರೆ ಅಜ್ಜನನ್ನು ವೃಥಾ ಆಧಾರ್‌ನಂಥ ಸೇವೆ ಕೊಡುವ ಅಕ್ಷಯ ಕೇಂದ್ರಕ್ಕೆ ಓಡಿಸಿದಂತೆ. ಚಾಟ್‌ಬಾಟಿಗೆ ಇದನ್ನು ತಿಳಿಸಿ ಹೇಳಿದರೆ ಆ ಮಾತುಕತೆಯಲ್ಲಿ ಒಪ್ಪಿಕೊಂಡು ಮುಂದಿನದರಲ್ಲಿ ಮರೆಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಆ ಹುಡುಗಿ ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಅನುವಾದಕ್ಕೆ ಮೊದಲೇ ಇಂಥ ಪದಗಳನ್ನು ಬಿಡಿಸಿ ಹೇಳುವ ಮಲಯಾಳ ಮಾತುಗಳಿಗೆ ಬದಲಿಸುವ ಏರ್ಪಾಡು ಮಾಡಿದಳು. ಪದಪಟ್ಟಿ ಒಂದು ಸಾಮಾನ್ಯ ಪಠ್ಯ ಕಡತ. ಗ್ರಾಮ ಕಚೇರಿಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಅದನ್ನು ತಿದ್ದುತ್ತಿದ್ದಾರೆ; ಅವರಿಗೆ ಕಂಪ್ಯೂಟರ್ ಬರುವುದಿಲ್ಲ, ಕಾಗದದಲ್ಲಿ ಬರೆದು ಕೊಡುತ್ತಾರೆ. ಅವರ ಐವತ್ತು ವರ್ಷಗಳ ತಿಳಿವಳಿಕೆಯನ್ನು ಹೊರಗಿನಿಂದ ತುರುಕಲು ನಾನು ಬಳಸಿದ ಬಗೆಯಲ್ಲಿ ಕಂಪನಿಯ ಪೆಟ್ಟಿಗೆಯಲ್ಲಿ ಕಿಂಡಿ ಸಿಗಲಿಲ್ಲ.

ಈಗ ಪಂಚಾಯತಿನ ಸಾರ್ವಜನಿಕ ಪ್ರಕಟಣೆ, ಕೃಷಿಭವನದ ಕರಪತ್ರ, ಬಸ್ಸಿನ ವೇಳಾಪಟ್ಟಿ ಮುಂತಾದವಕ್ಕೆ ಚಾಟ್‌ಬಾಟನ್ನೇ ಬಳಸುತ್ತೇನೆ. ಅವುಗಳಲ್ಲಿ ಮುಚ್ಚಿಡುವಂಥದ್ದೇನೂ ಇರುವುದಿಲ್ಲ. ಜಾಗ, ಪಿಂಚಣಿ, ಬ್ಯಾಂಕ್ ಸಾಲದ ಕಾಗದಗಳು ಲ್ಯಾಪ್‌ಟಾಪ್ ದಾಟಿ ಹೋಗುವುದಿಲ್ಲ. ಟೆಸೆರಾಕ್ಟ್ ಅಚ್ಚಿನ ಅಕ್ಷರಕ್ಕಷ್ಟೇ ಆಗುತ್ತದೆ, ಕೈಬರಹಕ್ಕಲ್ಲ. ನೋಟೀಸಿನ ಅಂಚಿನಲ್ಲಿ ಗುಮಾಸ್ತರು ಪೆನ್ನಿನಲ್ಲಿ ಗೀಚಿದ ಒಂದೂವರೆ ಸಾಲಿನಲ್ಲೇ ಎಷ್ಟೋ ಸಲ ನಿಜವಾದ ಆದೇಶ ಇರುತ್ತದೆ. ಅದನ್ನು ಈಗಲೂ ಪಕ್ಕದ ಶಾಲೆಯ ಮಲಯಾಳಂ ಅಧ್ಯಾಪಕರಿಗೆ ತೋರಿಸುತ್ತೇನೆ. ಅವರು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಆ ಗುಮಾಸ್ತರಿಗೇ ಫೋನು ಮಾಡಿ ಕೇಳುವುದೂ ಉಂಟು.