ಮನೆಯಲ್ಲಿ ಹಾರ್ಟ್ ಪೇಷೆಂಟ್ ಇದ್ದರೆ ಮಂಡಿನೋವಿನ ಮಾತ್ರೆ ಸುಮ್ನೆ ತಂದು ಕೊಡಬೇಡಿ

ನಮ್ಮಪ್ಪನಿಗೆ 67 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿ ಅವ್ವನ ಜೊತೆ ಇದ್ದಾರೆ. ನಾನಿರುವುದು ಮೈಸೂರಿನಲ್ಲಿ. ಹೋದ ತಿಂಗಳು ಅಪ್ಪ ಐಸಿಯು ಸೇರಿದರು. ಕಾರಣ 16 ನೋವಿನ ಮಾತ್ರೆ. ನಮ್ಮ ಹಾಗೆ ಗೊತ್ತಿಲ್ಲದೆ ಇನ್ನೊಬ್ಬರು ಕೊಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ಎರಡು ವರ್ಷದ ಹಿಂದೆ ಹಾರ್ಟ್ ಫೇಲ್ಯೂರ್ ಅಂತ ಹೇಳಿದ್ದರು. ಆ ಹೆಸರು ಕೇಳಿ ನಮ್ಮವ್ವ ಅತ್ತೇಬಿಟ್ಟಿದ್ದರು. ಹಾರ್ಟ್ ನಿಂತುಹೋಗುವುದು ಅಂತಲ್ಲ ಅದರ ಅರ್ಥ. ಪಂಪ್ ಸೋತಿದೆ ಅಂತ. ರಕ್ತ ಸರಿಯಾಗಿ ಮುಂದೆ ಹೋಗುವುದಿಲ್ಲ, ಮೈಯಲ್ಲಿ ಉಪ್ಪೂ ನೀರೂ ನಿಲ್ಲುತ್ತದೆ, ಕಾಲು ಊದುತ್ತದೆ, ಶ್ವಾಸಕೋಶಕ್ಕೂ ನೀರು ಬರುತ್ತದೆ. ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿದಾಗ ಪಂಪಿಂಗ್, ಅಂದರೆ ಹಾರ್ಟ್ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಭಾಗ ಹೊರಗೆ ತಳ್ಳುತ್ತದೆ ಅನ್ನುವುದು, ಶೇಕಡಾ 30 ಇತ್ತು. ಸಾಮಾನ್ಯವಾಗಿ 55ರ ಮೇಲಿರಬೇಕು.

ಆಗ ಅಪ್ಪ ಮೂರು ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಚಪ್ಪಲಿ ಹಿಡಿಸುತ್ತಿರಲಿಲ್ಲ. ಮೈಸೂರಿನ ಡಾಕ್ಟರು ಸಕುಬಿಟ್ರಿಲ್ ವಲ್ಸಾರ್ಟಾನ್, ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಅಂತ ನಾಲ್ಕು ಮಾತ್ರೆ, ಅದರ ಜೊತೆ ಮೂತ್ರ ಹೋಗುವ ಮಾತ್ರೆ ಬರೆದುಕೊಟ್ಟರು. (ಇವುಗಳಲ್ಲಿ ಮೊದಲನೆಯದು ಮುಂಚೆ ತುಂಬಾ ದುಬಾರಿ. 2023ರಿಂದ ಬೇರೆ ಬೇರೆ ಕಂಪನಿಗಳದ್ದೂ ಬಂದು ಬೆಲೆ ಇಳಿದಿದೆ. ದುಡ್ಡಿನ ಕಾರಣಕ್ಕೆ ಬಿಟ್ಟಿದ್ದರೆ ಒಂದು ಸಲ ವಿಚಾರಿಸಿ.) ಉಪ್ಪಿನಕಾಯಿ, ಹಪ್ಪಳ ಬಿಡಿಸಿದರು. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ ಅಂದರು.

ಆರು ತಿಂಗಳಲ್ಲಿ ಅಪ್ಪ ಒಂದೇ ದಿಂಬಿಗೆ ಬಂದರು. ಪಂಪಿಂಗ್ 38 ಆಯಿತು. ಸಂಜೆ ನಾಲೆ ಏರಿವರೆಗೆ ನಡೆದು ಹೋಗಿ ಅಲ್ಲಿ ಕೂತು ಮಾತಾಡಿ ಬರುತ್ತಿದ್ದರು. ಆ ನಡಿಗೆ ಅವರಿಗೆ ಎಷ್ಟು ದೊಡ್ಡದು ಅಂತ ನಮಗೆ ಮಾತ್ರ ಗೊತ್ತು.

ಈ ಸಲ ನಾಟಿ ಹೊತ್ತಿಗೆ ದಿನವೆಲ್ಲ ಬದುವಿನ ಮೇಲೆ ನಿಂತು ಮಂಡಿ ಹಿಡಿದುಕೊಂಡಿತು. ಪೇಟೆಯ ಮೆಡಿಕಲ್ ಸ್ಟೋರಿಗೆ ಹೋಗಿದ್ದಾರೆ. "ನಂಗೆ ಹಾರ್ಟ್ ತೊಂದ್ರೆ ಅದೆ ಕಣಪ್ಪಾ" ಅಂತ ಹೇಳಿಯೂ ಇದ್ದಾರೆ. ಅಂಗಡಿಯವನು, "ಇದು ಮಂಡಿಗೆ ಗೌಡ್ರೇ, ಹಾರ್ಟಿಗೂ ಇದಕ್ಕೂ ಏನ್ ಸಂಬಂಧ? ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿ, ಏನೂ ಆಗಕಿಲ್ಲ" ಅಂದನಂತೆ. ಚೀಟಿ ಕೇಳಲಿಲ್ಲ, ಬಿಲ್ಲೂ ಕೊಡಲಿಲ್ಲ. ಡೈಕ್ಲೋಫೆನಾಕ್ ಇದ್ದ ಮಾತ್ರೆ, ಎರಡು ಸ್ಟ್ರಿಪ್. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ ಅದು.

ಸಂಬಂಧ ಇದೆ. ತುಂಬಾ ಇದೆ. ಈ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಕಿಡ್ನಿ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರದ ಮಾತ್ರೆ ನುಂಗಿದರೂ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ. ಅಪ್ಪ ಎಲ್ಲಾ ಮಾತ್ರೆಗಳನ್ನೂ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತಲೇ ಇದ್ದರು. ಆದರೂ ಮೈಯಲ್ಲಿ ನೀರು ತುಂಬುತ್ತಾ ಹೋಯಿತು.

ಎಂಟನೇ ದಿನ ಅವ್ವ ಫೋನ್ ಮಾಡಿದರು. "ನಿಮ್ಮಪ್ಪ ರಾತ್ರಿಯೆಲ್ಲಾ ಕುಂತೇ ಅವ್ರೆ ಕಣವ್ವ, ಮಲಗಿದ್ರೆ ಉಸ್ರು ಕಟ್ತದಂತೆ." ಪಕ್ಕದ ಮನೆಯವರು ಗ್ಯಾಸ್ ಇರಬೇಕು ಅಂದಿದ್ದರಂತೆ. ನಾನೂ ಮಳೆಗಾಲದ ಶೀತ ಇರಬಹುದು, ನಾಳೆ ಬರ್ತೀನಿ ಅಂದುಬಿಟ್ಟೆ. ಅವತ್ತೇ ರಾತ್ರಿ 108ರಲ್ಲಿ ಮೈಸೂರಿಗೆ ಕರಕೊಂಡು ಬಂದರು. ಆಕ್ಸಿಜನ್ ಮಾಸ್ಕ್ ಒಳಗಿಂದ ಅಪ್ಪನ ಉಸಿರಿನ ಸದ್ದು ಬುಡುಬುಡು ಅಂತಿತ್ತು, ಹುಕ್ಕಾ ಸೇದಿದಾಗ ನೀರು ಗುಳುಗುಳು ಅಂದ ಹಾಗೆ.

ಬೇರೆ ಯಾವ ಮಾತ್ರೆ ತಗೊಂಡಿದ್ದರು ಅಂತ ಡಾಕ್ಟರು ಕೇಳಿದಾಗ ಅವ್ವ ಕವರಿನಿಂದ ಆ ಎರಡನೇ ಸ್ಟ್ರಿಪ್ ತೆಗೆದರು. ಅದರಲ್ಲಿ ನಾಲ್ಕು ಉಳಿದಿದ್ದವು. ಡಾಕ್ಟರು ಅದನ್ನು ತಿರುಗಿಸಿ ಹೆಸರು ಓದಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆರು ದಿನ ಆಸ್ಪತ್ರೆ. ನೀರು ತೆಗೆಯೋಕೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿತ್ತು, ಪೊಟ್ಯಾಸಿಯಂ ಕೂಡ ಏರಿದ್ದರಿಂದ ಒಂದು ಒಳ್ಳೆಯ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಬೇಕಾಯಿತು.

ಇದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಊರಿಗೆ ಹೋದಾಗ. ಅಪ್ಪ ತೂಕ ಬರೆಯುವುದು ಹಾಲಿನ ಡೇರಿಯ ಹಳೇ ಲೆಕ್ಕದ ಪುಸ್ತಕದಲ್ಲಿ. ತೆಗೆದು ನೋಡಿದೆ. 61. 61.5. 62.5. 63. 64. 65. ಒಂದು ದಿನವೂ ತಪ್ಪಿಸಿಲ್ಲ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಊಟದಿಂದ ಬಂದ ತೂಕ ಅಲ್ಲ, ನೀರು. ತಕ್ಷಣ ಡಾಕ್ಟರಿಗೆ ಫೋನ್ ಮಾಡಬೇಕು. ಬರೆಯಿರಿ ಅಂತ ಅಪ್ಪನಿಗೆ ಎಲ್ಲರೂ ಹೇಳಿದ್ದರು. ಏರಿದರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದಯವಿಟ್ಟು ಸ್ಟ್ರಿಪ್ ಹಿಂದೆ ಇರುವ ಸಣ್ಣ ಅಕ್ಷರ ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಎಟೋರಿಕಾಕ್ಸಿಬ್. ಇವುಗಳಲ್ಲಿ ಯಾವುದಿದ್ದರೂ ಹಾರ್ಟ್ ಫೇಲ್ಯೂರ್ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಬ್ರಾಂಡ್ ಹೆಸರು ನೂರಾರು, ಅದನ್ನು ನಂಬಬೇಡಿ. ಬರೀ ಪ್ಯಾರಸಿಟಮಾಲ್ ತಗೊಳ್ಳಿ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ, ಆದರೆ ನೀರಿಗೆ ಹಾಕಿದರೆ ನೊರೆ ಬರುವಂಥದ್ದು ಬೇಡವಂತೆ, ಅದರಲ್ಲಿ ಸೋಡಿಯಂ ಜಾಸ್ತಿ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಅದನ್ನೂ ಕೇಳದೆ ತರಬೇಡಿ.

ಈಗ ದಿನಾ ಬೆಳಿಗ್ಗೆ ಏಳಕ್ಕೆ ಆ ಡೇರಿ ಪುಸ್ತಕದ ಫೋಟೋ ನನ್ನ ವಾಟ್ಸಾಪಿಗೆ ಬರುತ್ತದೆ. ಇವತ್ತು 60.5. ದಿಂಬು ಇನ್ನೂ ಎರಡು ಬೇಕು. ಮೊನ್ನೆ ಸಂಜೆ ನಾಲೆ ಕಡೆ ಹೊರಟು, ಹುಣಸೆಮರದವರೆಗೆ ಹೋಗಿ, ಸುಸ್ತಾಗಿ ವಾಪಸ್ ಬಂದರಂತೆ.