ಕುದುರೆಮೆಂತೆ ಕುರಿಗೆ ಒಳ್ಳೆಯದೇ, ಆದರೆ ಅದೊಂದನ್ನೇ ಹಾಕಬೇಡಿ

ಮಧುಗಿರಿ ಕಡೆ ನಮ್ಮದು ಸಣ್ಣ ಕುರಿ ಸಾಕಣೆ. ಕುದುರೆಮೆಂತೆ (ಲೂಸರ್ನ್ ಅನ್ನೋ ಮೇವಿನ ಬೆಳೆ) ಹಾಕಿ ಕೆಲವು ವರ್ಷ ಆಯಿತು. ಎಕರೆಗೆ ಬೀಜ ಎಷ್ಟು, ಸಾಲು ಎಷ್ಟು ದೂರ ಅನ್ನೋದು ನಿಮಗೆ ಗೊತ್ತಿರುತ್ತದೆ, ಬಿಡಿ. ನಾನು ಹೇಳಬೇಕಾಗಿರೋದು ದೊಡ್ಡಿಯ ವಾಸನೆ ಬಗ್ಗೆ.

ಮೇವು ಚೆನ್ನಾಗಿದೆ, ಎರಡು ಮಾತಿಲ್ಲ. ಅಲ್ಲೊಂದು ಇಲ್ಲೊಂದು ನೇರಳೆ ಹೂವು ಕಂಡರೆ ಕೊಯ್ಲಿಗೆ ಸರಿ. ಇಬ್ಬನಿ ಆರಿದ ಮೇಲೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯುತ್ತೇನೆ. ಹೊರೆ ಬಿಚ್ಚಿ ನೆರಳಲ್ಲಿ ಹರಡುತ್ತೇನೆ. ಹಸಿಹಸಿ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ. ಎಲೆ ಬಾಡಿ ಮೆತ್ತಗಾದ ಮೇಲೆಯೇ ಗೋದಲಿಗೆ. ಮರಿಗಳು ಮೊದಲು ಎಲೆಯನ್ನಷ್ಟೇ ಆರಿಸಿ ತಿನ್ನುತ್ತವೆ. ಕಡ್ಡಿ ಮುಟ್ಟೋದು ಆಮೇಲೆ. ನೋಡ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಆದರೆ ಬರೀ ಇದನ್ನೇ ಹಾಕುತ್ತಿದ್ದ ದಿನಗಳಲ್ಲಿ ಬೆಳಗ್ಗೆ ದೊಡ್ಡಿ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಅಮೋನಿಯಾ! ನೀರು ಹಾಯಿಸಿ ಬೆಳೆದ ಮೇವಿನ ಸಾರಜನಕ ಉಚ್ಚೆಯಲ್ಲಿ ಹೋಗುತ್ತಿತ್ತು. ಹೊಟ್ಟೆ ಉರಿಯಲ್ವಾ?

ಇದರ ಪ್ರೋಟೀನ್ ಕುರಿಯ ಮೊದಲ ಹೊಟ್ಟೆಯಲ್ಲಿ ಬಲು ಬೇಗ ಒಡೆದು ಅಮೋನಿಯಾ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹೀರಿ ಬೆಳೆಯಬೇಕು. ಕೊನೆಗೆ ಆ ಜೀವಿಗಳೇ ಕುರಿಗೆ ಪ್ರೋಟೀನ್. ಅವು ಬೆಳೆಯೋಕೆ ಅದೇ ಹೊತ್ತಿಗೆ ಪಿಷ್ಟವೋ ಸಕ್ಕರೆಯೋ ಸಿಗಬೇಕು. ಸಿಗದಿದ್ದರೆ ಮಿಕ್ಕ ಅಮೋನಿಯಾ ರಕ್ತಕ್ಕೆ ಇಳಿದು, ಲಿವರಿನಲ್ಲಿ ಯೂರಿಯಾ ಆಗಿ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ. ದೊಡ್ಡಿಯಲ್ಲಿ ಅದೇ ಮತ್ತೆ ಅಮೋನಿಯಾ ಆಗಿ ಕಣ್ಣು ಉರಿಸುತ್ತದೆ.

ತಂಪು ದೇಶಗಳ ಬಿಳಿ ಕ್ಲೋವರ್ ಅನ್ನೋ ಮೇವಿನ ಗಿಡದ್ದೂ ಇದೇ ಪಾಡು. ಕೆಂಪು ಕ್ಲೋವರ್ ಮಾತ್ರ ಸ್ವಲ್ಪ ವಾಸಿ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದಕ್ಕೆ ಕಾರಣವಾದ ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಕೆಂಪು ಕ್ಲೋವರ್ ಎಲೆಯಲ್ಲಿ ಜಾಸ್ತಿ. ಎಲೆ ಜಜ್ಜಿದಾಗ ಪ್ರೋಟೀನ್ ಅಷ್ಟು ಬೇಗ ಒಡೆಯದ ಹಾಗೆ ಅದು ತಡೆಯುತ್ತದೆ. ನಮಗೆ ಹಲಸಿನ ಸೊಪ್ಪು ಇದೆ. ಅದರ ಟ್ಯಾನಿನ್ ಅನ್ನೋ ಒಗರು ಅಂಶ ಕೂಡ ಪ್ರೋಟೀನನ್ನು ಹಿಡಿದಿಡುತ್ತದೆ.

ಈಗ ಮೂರರಲ್ಲಿ ಒಂದು ಪಾಲು ಮಾತ್ರ ಕುದುರೆಮೆಂತೆ. ಉಳಿದದ್ದು ರಾಗಿ ಹುಲ್ಲು, ಜೋಳದ ಮೇವು. ಮೇಲೆ ಒಂದು ಹಿಡಿ ಮುಸುಕಿನ ಜೋಳದ ನುಚ್ಚು, ಸಂಜೆ ನಾಲ್ಕು ರೆಂಬೆ ಹಲಸಿನ ಸೊಪ್ಪು. ಕಣ್ಣುರಿ ನಿಂತಿತು, ಮರಿಗಳ ಬೆನ್ನೂ ತುಂಬಿಕೊಂಡಿತು. ನುಚ್ಚಿಗೆ ಖರ್ಚಿದೆ, ನಿಜ. ಆದರೆ ಅದೇ ಮಡಿಯ ಮೇವು ಈಗ ಜಾಸ್ತಿ ಕುರಿಗೆ ಸಾಲುತ್ತದೆ.

ಬೀಜ ಕೊಳ್ಳುವಾಗ ಅಂಗೈಗೆ ಹಾಕಿ ನೋಡಿ. ನನಗೆ ಒಂದು ಅಂಗಡಿಯಲ್ಲಿ ಕೊಟ್ಟ ಚೀಲದಲ್ಲಿ ಕಸ್ಕ್ಯೂಟಾ ಅನ್ನೋ ಪರಾವಲಂಬಿ ಕಳೆಯ ಬೀಜ ಬೆರೆತಿತ್ತು. ಆ ಹಳದಿ ಬಳ್ಳಿ ಒಂದು ಮಡಿಯನ್ನೇ ತಿಂದು ಹಾಕಿತು. ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಡುವ ಊರಿನವರು ಕುದುರೆಮೆಂತೆಗಿಂತ ಬೇಲಿಮೆಂತೆ ಹಾಕಿಕೊಳ್ಳಿ, ಅದು ಬರ ತಡೆಯುತ್ತದೆ.