ಕ್ಯಾಬಿನೆಟ್, ಲಂಡನ್, ಪರ್ಫೆಕ್ಟ್: ಮೂರು ಹಳೇ ಮಾದರಿ ಸ್ಕ್ರೂ ಡ್ರೈವರ್‌ಗಳು

ಬಳ್ಳಾರಿಯ ಕೌಲ್ ಬಜಾರ್ ಕಡೆ ಗುಜರಿಯಲ್ಲಿ 150 ರೂಪಾಯಿಗೆ ಸಿಕ್ಕ ಕ್ಯಾಬಿನೆಟ್ ಮಾದರಿಯದೇ ನನ್ನ ಕೈಗೆ ಒಗ್ಗಿದ್ದು. 900 ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಲಂಡನ್ ಮಾದರಿ ಸುಮ್ನೆ ಡಬ್ಬಿಯಲ್ಲಿ ಬಿದ್ದಿದೆ.

ಇವೆಲ್ಲ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಳೇ ಹೆಸರುಗಳು. ಅಲ್ಲಿ ಸ್ಕ್ರೂ ಡ್ರೈವರ್‌ಗೇ ಮೊದಲು ಟರ್ನ್‌ಸ್ಕ್ರೂ ಅನ್ನುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ಈ ಹೆಸರು ಹೇಳಿದರೆ ನಡೆಯೋದಿಲ್ಲ, ಫೋನಿನಲ್ಲಿ ಫೋಟೋ ತೋರಿಸಿ ಕೇಳಬೇಕು.

ಲಂಡನ್ ಮಾದರಿಯ ಸರಳು ಚಪ್ಪಟೆ. ಮರದ ಹಿಡಿಯ ಎರಡು ಬದಿಯೂ ಚಪ್ಪಟೆ, ಹಾಗಾಗಿ ಮೇಜಿನಿಂದ ಉರುಳಿ ಬೀಳೋದಿಲ್ಲ. ಬಿಗಿ ಸ್ಕ್ರೂ ಇದ್ದರೆ ಸರಳಿಗೇ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ನೋಡೋಕೂ ಚಂದ.

ತಲೆನೋವು ಇರೋದು ತುದಿಯಲ್ಲಿ. ಅದು ಬೆಣೆಯಂತೆ ತೆಳುವಾಗುತ್ತಾ ಬಂದಿತ್ತು. ಅಂಥ ತುದಿ ಸ್ಕ್ರೂ ತಲೆಯ ಗೀರಿನ ತಳದವರೆಗೆ ಹಿಡಿಯೋದಿಲ್ಲ, ಮೇಲಿನ ಅಂಚಿಗೆ ಮಾತ್ರ ತಾಗುತ್ತದೆ. ಬಲ ಹಾಕಿದಷ್ಟೂ ಮೇಲಕ್ಕೆ ಜಾರುತ್ತದೆ. ನಮ್ಮ ಸಾಗವಾನಿ ಬಾಗಿಲಿನ ಕೀಲುಗಳಿಗೆ ಇರೋದು ಹಿತ್ತಾಳೆ ಸ್ಕ್ರೂ, ಮೆತ್ತಗಿನ ಲೋಹ. ಎರಡು ಸಲ ಜಾರಿತು ಅಂದ್ರೆ ಗೀರು ಸವೆದು ಬಟ್ಟಲಾಗುತ್ತದೆ. ಆಮೇಲೆ ಯಾವ ಡ್ರೈವರ್ ಹಾಕಿದರೂ ಬರೋದಿಲ್ಲ.

ಅರದಿಂದ ತುದಿಯ ಎರಡು ಮುಖವನ್ನೂ ಕೊನೆಯ ಒಂದೆರಡು ಮಿಲಿಮೀಟರ್ ಸಮಾನಾಂತರ ಮಾಡಿದರೆ ಜಾರೋದು ನಿಲ್ಲುತ್ತದೆ. ಅವಸರಕ್ಕೆ ಗ್ರೈಂಡರ್‌ಗೆ ಕೊಡಬೇಡಿ. ವಿಪರೀತ ಕಾದರೆ ಉಕ್ಕಿನ ಹದ ಹೋಗಿ ತುದಿ ಬಾಗುತ್ತದೆ.

ಅಷ್ಟು ಮಾಡಿದ ಮೇಲೂ ಲಂಡನ್ ತುದಿ ಅಗಲವೇ. ಅಲಮಾರಿಯಲ್ಲಿ ಮರದೊಳಗೆ ಇಳಿದು ಕೂತ ಸ್ಕ್ರೂಗೆ ಹಾಕಿದರೆ ಮೂಲೆಗಳು ತೂತಿನ ಅಂಚನ್ನು ಕೆರೆಯುತ್ತವೆ. ಕ್ಯಾಬಿನೆಟ್‌ನದು ದುಂಡು ಸರಳು, ತುದಿ ಸರಳಿಗಿಂತ ಅಗಲವಿಲ್ಲ. ಸೀದಾ ಒಳಗೆ ಹೋಗುತ್ತದೆ. ಅದರ ಉಬ್ಬಿದ ಹಿಡಿ ಅಂಗೈ ತುಂಬ ಕೂರುತ್ತದೆ, ಬೆವರಿದ ಕೈಯಲ್ಲೂ ಜಾರೋದಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ?

ಪರ್ಫೆಕ್ಟ್ ಮಾದರಿ ಪಕ್ಕದ ಮನೆಯ ಅಣ್ಣನದು, ಎರವಲು ತಂದು ನೋಡಿದ್ದು. ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡು, ಎರಡು ಬದಿಗೆ ಮರ ಇಟ್ಟು ರಿವೆಟ್ ಹೊಡೆದಿದ್ದಾರೆ. ತುಕ್ಕು ಹಿಡಿದ ಸ್ಕ್ರೂ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟು ತಿರುಗಿಸಬಹುದು. ಭಾರ ಜಾಸ್ತಿ. ಹಿಡಿಯಲ್ಲೇ ಉಕ್ಕು ಕೈಗೆ ತಾಗುವುದರಿಂದ ಕರೆಂಟ್ ಕೆಲಸಕ್ಕೆ ಮುಟ್ಟಲೇಬಾರದು.

1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಫಿಲಿಪ್ಸ್, ಅಂದ್ರೆ ನಮ್ಮ ಸ್ಟಾರ್ ಸ್ಕ್ರೂಗೆ ಚಪ್ಪಟೆ ತುದಿಯ ಈ ಮೂರೂ ಬೇಡ.

ನಾನು ಮುಟ್ಟೋದು ಭಾನುವಾರದ ಬಾಗಿಲು, ಅಲಮಾರಿ ಅಷ್ಟೇ. ಅದಕ್ಕೆ 150ರ ಕ್ಯಾಬಿನೆಟ್ ಸಾಕು. ಪಂಪ್‌ಸೆಟ್, ಟ್ರ್ಯಾಕ್ಟರ್ ಟ್ರೇಲರ್ ಬಿಚ್ಚುವವರಾದರೆ ಪರ್ಫೆಕ್ಟ್ ಹುಡುಕಿ. ಗುಜರಿಯಲ್ಲಿ ಕೊಳ್ಳುವಾಗ ಹಿಡಿ ಅಲ್ಲಾಡಿಸಿ ನೋಡಿ, ತುದಿ ಸವೆದಿದ್ದರೆ ಚೌಕಾಸಿ ಮಾಡಿ.